ಉಪ್ಪನ ಕಾರ್ಡು ವಿದೇಶಿ ಅಂಗಡಿಗೆ ಬೇಡ

ಉಪ್ಪಳದಲ್ಲಿ ನಮ್ಮದು ಸಣ್ಣ ಜೀನಸಂಗಡಿ. ಅಂಗಡಿಯಲ್ಲಿ ಉಪ್ಪ ಒಂದು ನಿಯಮ ಇಟ್ಟುಕೊಂಡಿದ್ದರು. ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಗಿಂತ ಹೆಚ್ಚು ಹಣ ಇರಬಾರದು. ಲುಹರ್ ನಮಾಝಿಗೆ ಹೋಗುವ ಮೊದಲು ನೋಟುಗಳನ್ನೆಲ್ಲ ಕಟ್ಟಿ ಮನೆಗೆ ಕಳಿಸುತ್ತಿದ್ದರು. "ಕಳ್ಳ ಬಂದರೂ ಚಿಲ್ಲರೆ ಮಾತ್ರ ಕೊಂಡುಹೋಗಲಿ" ಎನ್ನುತ್ತಿದ್ದರು.

ಅಂಥ ಉಪ್ಪನ ಖಾತೆಯಿಂದ ಒಂದು ಬುಧವಾರ ರಾತ್ರಿ 31,400 ರೂಪಾಯಿ ಹೋಯಿತು. ಅಂಗಡಿಯ ಮೇಜಿನ ಮೇಲಿರುವ ಕ್ಯೂಆರ್ ಕೋಡ್‌ನ ಹಣ ಬೀಳುವುದೂ ಅದೇ ಖಾತೆಗೆ, ಮಂಗಳೂರಿನ ಬಂದರಿನ ಸಗಟು ವ್ಯಾಪಾರಿಗೆ ಕೊಡಬೇಕಾದ ಹಣ ಇರುವುದೂ ಅದರಲ್ಲೇ. ಸುಮಾರು ಒಂದೂವರೆ ತಿಂಗಳ ಹಿಂದೆ ನನ್ನ ತಂಗಿ ಆ ಖಾತೆಯ ಡೆಬಿಟ್ ಕಾರ್ಡಿನಿಂದ ವಿದೇಶದ ಒಂದು ವೆಬ್‌ಸೈಟಿನಲ್ಲಿ ಅಬಾಯ ತರಿಸಿದ್ದಳು. ಅಬಾಯ ಸರಿಯಾಗಿಯೇ ಬಂದಿತ್ತು. ಆದರೆ ಕಾರ್ಡಿನ ನಂಬರು ಎಲ್ಲೋ ಸೋರಿ, ಹೆಸರೇ ಕೇಳದ ಯಾವುದೋ ಕಂಪೆನಿ ಡಾಲರ್ ಲೆಕ್ಕದಲ್ಲಿ ಹಣ ಎಳೆಯಿತು. ಒಟಿಪಿ ಬರಲೇ ಇಲ್ಲ.

ಮೆಸೇಜು ಮೊದಲು ನೋಡಿದ್ದು ತಂಗಿ. ಹೆದರಿದಳು. ಹೇಳಲಿಲ್ಲ. ಅವಳು ಬಾಯಿಬಿಟ್ಟಾಗ ಬ್ಯಾಂಕಿನ ಲೆಕ್ಕದಲ್ಲಿ ಐದನೆಯ ಕೆಲಸದ ದಿನವಾಗಿತ್ತು.

ಸುದ್ದಿ ಕುಟುಂಬದಲ್ಲಿ ಹಬ್ಬಿದ ಮೇಲೆ ಎಲ್ಲರೂ ಹೇಳಿದ ಮಾತು ಒಂದೇ: "ಹೆಣ್ಣುಮಕ್ಕಳ ಕೈಗೆ ಕಾರ್ಡು ಕೊಟ್ಟರೆ ಹೀಗೇ ಆಗುವುದು." ಈ ಲೇಖನ ಬರೆಯುತ್ತಿರುವುದು ಆ ಮಾತು ತಪ್ಪು ಎಂದು ಹೇಳಲಿಕ್ಕಾಗಿ. ಆ ಕಾರ್ಡಿನಲ್ಲಿ ವಿದೇಶಿ ವ್ಯವಹಾರದ ಸ್ವಿಚ್ ಆನ್ ಮಾಡಿದ್ದು ಅವಳಲ್ಲ, ನಾನು. ಒಂದು ಮಿಷನ್ ಪಾರ್ಟ್ ತರಿಸಲು ಆನ್ ಮಾಡಿ, ಆಫ್ ಮಾಡಲು ಮರೆತಿದ್ದೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ಕೆಲಸ ಮುಗಿದ ಮೇಲೆ ಮಿಷನ್ ಬಂದ್ ಮಾಡಬೇಕು ಎಂಬ ಮೊದಲ ಪಾಠವನ್ನೇ ಮರೆತಿದ್ದೆ.

ಒಟಿಪಿ ಇಲ್ಲದೆ ಹಣ ಹೇಗೆ ಹೋಯಿತು ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ದೇಶದೊಳಗಿನ ಆನ್‌ಲೈನ್ ಅಂಗಡಿಗಳಿಗೆ ಕಾರ್ಡಿನಿಂದ ಹಣ ಕೊಡುವಾಗ ಸಾಮಾನ್ಯವಾಗಿ ಒಟಿಪಿಯಂಥ ಎರಡನೆಯ ಬೀಗ ಇರುತ್ತದೆ. ರಿಸರ್ವ್ ಬ್ಯಾಂಕ್ ಅದನ್ನು ಕಡ್ಡಾಯ ಮಾಡಿದೆ. ಹೊರದೇಶದ ಅನೇಕ ವ್ಯಾಪಾರಿಗಳು ಅದನ್ನು ಕೇಳುವುದಿಲ್ಲ. ಹದಿನಾರು ಅಂಕೆ, ಮುಕ್ತಾಯದ ತಿಂಗಳು, ಹಿಂಬದಿಯ ಮೂರು ಅಂಕೆಯ ಸಿವಿವಿ ಇಷ್ಟು ಸಿಕ್ಕಿದರೆ ಸಾಕು. 2022ರ ಅಕ್ಟೋಬರ್‌ನಿಂದ ಭಾರತದ ಅಂಗಡಿಗಳು ನಮ್ಮ ಕಾರ್ಡಿನ ಪೂರ್ತಿ ನಂಬರನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಟೋಕನ್ ಇಡಬೇಕು. ಹೊರದೇಶದ ಅಂಗಡಿಗೆ ಆ ಕಟ್ಟುಪಾಡಿಲ್ಲ. ವಿದೇಶಿ ಖರೀದಿಗೂ ಎರಡನೆಯ ಬೀಗ ತರಲು 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿರ್ದೇಶನ ಕೊಟ್ಟಿದೆ. 2026ರ ಅಕ್ಟೋಬರ್ 1ರೊಳಗೆ ಬ್ಯಾಂಕುಗಳು ಅದಕ್ಕೆ ಸಜ್ಜಾಗಬೇಕು. ಆದರೆ ಅಲ್ಲಿಯೂ ವಿದೇಶಿ ವ್ಯಾಪಾರಿಯ ಕಡೆಯಿಂದ ದೃಢೀಕರಣದ ಕೋರಿಕೆ ಬಂದರೆ ಮಾತ್ರ ಬೀಗ ಕೆಲಸ ಮಾಡುತ್ತದೆ. ಆದ್ದರಿಂದ ನಮ್ಮ ಬೀಗ ನಾವೇ ಹಾಕಿಕೊಳ್ಳಬೇಕು.

ಇನ್ನು ನಮ್ಮ ಬ್ಯಾರಿ ಮನೆಗಳ ವಿಷಯ. ಬಡ್ಡಿಗೆ ಹೆದರಿ ನಮ್ಮಲ್ಲಿ ಅನೇಕರು ಕ್ರೆಡಿಟ್ ಕಾರ್ಡ್ ಮುಟ್ಟುವುದಿಲ್ಲ. ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟಿದರೆ ಖರೀದಿಗೆ ಬಡ್ಡಿ ಬೀಳುವುದಿಲ್ಲ, ತಪ್ಪಿದರೆ ತಿಂಗಳಿಗೆ ಶೇಕಡಾ 3ರ ಆಸುಪಾಸು ಬೀಳುತ್ತದೆ. ಬಡ್ಡಿಯ ಷರತ್ತಿಗೆ ಸಹಿ ಹಾಕುವುದೇ ತಪ್ಪು ಎನ್ನುವವರೂ ಇದ್ದಾರೆ. ಅದನ್ನು ತೀರ್ಮಾನಿಸುವ ಯೋಗ್ಯತೆ ನನಗಿಲ್ಲ, ನಿಮ್ಮ ಉಸ್ತಾದರನ್ನು ಕೇಳಿ. ನನ್ನ ಮಾತು ಬೇರೆ. ಕ್ರೆಡಿಟ್ ಕಾರ್ಡಿನಲ್ಲಿ ಮೋಸವಾದರೆ ಜಗಳ ನಡೆಯುವುದು ಬಿಲ್ಲಿನ ಮೇಲೆ. ಡೆಬಿಟ್ ಕಾರ್ಡಿನಲ್ಲಿ ಮೋಸವಾದರೆ ನಮ್ಮ ಹಣ ಮೊದಲೇ ಹೋಗಿರುತ್ತದೆ, ಹಿಂದೆ ತರಲು ನಾವು ಓಡಬೇಕು. ಕ್ರೆಡಿಟ್ ಕಾರ್ಡ್ ಬೇಡ ಎಂದು ತೀರ್ಮಾನಿಸಿದ ಮನೆ, ಅದರ ಜಾಗದಲ್ಲಿ ಇಡೀ ಉಳಿತಾಯದ ಡೆಬಿಟ್ ಕಾರ್ಡನ್ನು ಕೊಂಡುಹೋಗಿ ಇಡಬಾರದು. ನಾವು ಮಾಡಿದ್ದು ಅದನ್ನೇ.

ದಾರಿ ಇದೆ, ಅದು ಉಪ್ಪನ ಗಲ್ಲಾಪೆಟ್ಟಿಗೆಯ ದಾರಿಯೇ. ಆನ್‌ಲೈನ್ ಖರೀದಿಗೆಂದೇ ಬೇರೆ ಒಂದು ಉಳಿತಾಯ ಖಾತೆ ಇರಲಿ. ತೆರೆಯುವ ಮೊದಲು ಮಿನಿಮಮ್ ಬ್ಯಾಲೆನ್ಸ್ ಎಷ್ಟು, ಕಾರ್ಡಿಗೆ ವರ್ಷಕ್ಕೆ ಶುಲ್ಕ ಎಷ್ಟು, ಆ ಕಾರ್ಡು ಹೊರದೇಶದಲ್ಲಿ ನಡೆಯುತ್ತದೆಯೇ ಎಂದು ಕೇಳಿ. ಕೆಲವು ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುತ್ತವೆ. ಖರೀದಿಯ ದಿನ ಬೇಕಾದಷ್ಟು ಹಣವನ್ನು ದೊಡ್ಡ ಖಾತೆಯಿಂದ ಇದಕ್ಕೆ ಹಾಕಿ, ಕೊಂಡ ಮೇಲೆ ಚಿಲ್ಲರೆ ಮಾತ್ರ ಉಳಿಯಲಿ. ನಂಬರು ಸೋರಿದರೂ ಕಳ್ಳನಿಗೆ ಸಿಗುವುದು ಅಷ್ಟೇ.

ಎರಡನೆಯದು ಸ್ವಿಚ್. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಮತ್ತು ಆನ್‌ಲೈನ್ ವ್ಯವಹಾರ ಮೊದಲಿಗೆ ಬಂದ್ ಆಗಿಯೇ ಬರುತ್ತದೆ. ಬೇಕಾದಾಗ ತೆರೆಯಲು, ಮುಚ್ಚಲು, ಮಿತಿ ಹಾಕಲು ಬ್ಯಾಂಕಿನ ಮೊಬೈಲ್ ಆ್ಯಪಿನಲ್ಲೇ ಸೌಲಭ್ಯ ಇರಬೇಕು. ನಾಲ್ಕು ಸಾವಿರದ ವಸ್ತುವಿಗೆ ಐದು ಸಾವಿರದ ಮಿತಿ ಹಾಕಿ, ಹಣ ಕೊಟ್ಟು, ಕೂಡಲೇ ಬಂದ್ ಮಾಡಿ. ಎರಡು ನಿಮಿಷದ ಕೆಲಸ. ವೆಬ್‌ಸೈಟು "ಕಾರ್ಡ್ ಸೇವ್ ಮಾಡಲೇ" ಎಂದು ಕೇಳಿದರೆ ಬೇಡ ಎನ್ನಿ. ವಿಳಾಸದ ಪಕ್ಕ ಬೀಗದ ಗುರುತು ಇದ್ದ ಮಾತ್ರಕ್ಕೆ ಅಂಗಡಿ ಪ್ರಾಮಾಣಿಕ ಎಂದಲ್ಲ. ನಾವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಅದರ ಅರ್ಥ. ಕಳ್ಳನ ಅಂಗಡಿಗೂ ಆ ಗುರುತು ಸಿಗುತ್ತದೆ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕರೆನ್ಸಿ ಬದಲಿಸಿದ್ದಕ್ಕೆ ಹೆಚ್ಚಿನ ಬ್ಯಾಂಕುಗಳು ಶೇಕಡಾ 2ರಿಂದ 3.5ರವರೆಗೆ ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ. "ರೂಪಾಯಿಯಲ್ಲೇ ಕೊಡಿ" ಎಂದು ವಿದೇಶಿ ಸೈಟು ಕರೆದರೆ ಸಾಮಾನ್ಯವಾಗಿ ಅದರ ದರ ಇನ್ನೂ ದುಬಾರಿ. ವಸ್ತು ಬಂದಾಗ ಕಸ್ಟಮ್ಸ್ ಸುಂಕವೂ ಬೀಳಬಹುದು.

ಗಲ್ಫಿನಲ್ಲಿರುವ ಅಣ್ಣತಮ್ಮಂದಿರಿಗೂ ಒಂದು ಮಾತು. ಊರಿನವರಿಗೆ ಏನಾದರೂ ಕೊಳ್ಳಲು ಅನುಕೂಲವಾಗಲಿ ಎಂದು ಕಾರ್ಡಿನ ಎರಡೂ ಬದಿಯ ಫೋಟೊ ತೆಗೆದು ಫ್ಯಾಮಿಲಿ ವಾಟ್ಸಾಪಿಗೆ ಹಾಕುತ್ತೀರಲ್ಲ, ದಯವಿಟ್ಟು ನಿಲ್ಲಿಸಿ. ಆ ಫೋಟೊ ಎಷ್ಟು ಫೋನುಗಳ ಗ್ಯಾಲರಿಯಲ್ಲಿ ಕೂರುತ್ತದೆ, ಯಾವ ಫೋನು ಯಾವ ರಿಪೇರಿ ಅಂಗಡಿಗೆ ಹೋಗುತ್ತದೆ ಯಾರಿಗೆ ಗೊತ್ತು? ವಸ್ತುವಿನ ಲಿಂಕ್ ತರಿಸಿಕೊಂಡು ನೀವೇ ಹಣ ಕೊಡಿ.

ಇಷ್ಟೆಲ್ಲ ಎಚ್ಚರ ಇದ್ದೂ ಹಣ ಹೋದರೆ ಮುಖ್ಯವಾಗುವುದು ಹೊತ್ತು. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ನಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಅಲ್ಲದೆ ಬೇರೆಲ್ಲೋ ಸೋರಿ ಹಣ ಹೋಗಿದ್ದರೆ, ಬ್ಯಾಂಕಿನ ಮೆಸೇಜು ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟವೇ ಇಲ್ಲ. ನಾಲ್ಕರಿಂದ ಏಳನೆಯ ದಿನದೊಳಗೆ ಕೊಟ್ಟರೆ ಸಾಮಾನ್ಯ ಉಳಿತಾಯ ಖಾತೆಯವರು 10,000 ರೂಪಾಯಿವರೆಗೆ ಹೊರಬೇಕು. ಅದಕ್ಕೂ ತಡವಾದರೆ ಬ್ಯಾಂಕಿನ ನೀತಿ ಹೇಳಿದಂತೆ. ಒಟಿಪಿ, ಪಿನ್ ನಾವೇ ಯಾರಿಗೋ ಹೇಳಿದ್ದರೆ ಮಾತ್ರ ದೂರು ಕೊಡುವವರೆಗಿನ ನಷ್ಟ ಪೂರ್ತಿ ನಮ್ಮದೇ. ನಮಗೆ 21,400 ರೂಪಾಯಿ ಹಿಂದೆ ಬಂತು. ಹತ್ತು ಸಾವಿರ ಹೋಯಿತು.

ಆ ಹತ್ತು ಸಾವಿರ ಕಳ್ಳ ಕದ್ದದ್ದಲ್ಲ. ನಮ್ಮ ಮನೆಯ ಹೆದರಿಕೆ ಕದ್ದದ್ದು. ಬೈಗುಳಕ್ಕೆ ಹೆದರದೆ ತಂಗಿ ಮರುದಿನ ಬೆಳಗ್ಗೆಯೇ ಹೇಳುವಂಥ ಮನೆ ನಮ್ಮದಾಗಿದ್ದರೆ ಅದೂ ಉಳಿಯುತ್ತಿತ್ತು. ಆದ್ದರಿಂದ ಹೆಣ್ಣುಮಕ್ಕಳ ಕೈಯಿಂದ ಕಾರ್ಡು ಕಿತ್ತುಕೊಳ್ಳುವುದು ಪರಿಹಾರವಲ್ಲ. ಅವರ ಹೆಸರಿನಲ್ಲೇ ಸಣ್ಣ ಖಾತೆ ಇರಲಿ, ಸ್ವಿಚ್ ಅವರಿಗೂ ಗೊತ್ತಿರಲಿ, ತಪ್ಪಾದರೆ ಬಂದು ಹೇಳುವ ಧೈರ್ಯ ಇರಲಿ. ತಂಗಿಯ ಹೆಸರಿನಲ್ಲಿ ಈಗ ಅಂಥ ಖಾತೆ ಇದೆ. ಉಪ್ಪನ ಕಾರ್ಡಿನ ವಿದೇಶಿ ಸ್ವಿಚ್ ಆಫ್ ಆಗಿದೆ.

ಇವತ್ತು ಇಶಾ ಆದ ಮೇಲೆ ಮನೆಯವರೆಲ್ಲ ಕೂತು ಬ್ಯಾಂಕಿನ ಆ್ಯಪ್ ತೆರೆದು ನೋಡಿ. ದೊಡ್ಡ ಖಾತೆಯ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಇದ್ದರೆ ಈಗಲೇ ಬಂದ್ ಮಾಡಿ. ಕಾರ್ಡಿನ ಹಿಂಬದಿಯಲ್ಲಿರುವ ಬ್ಯಾಂಕಿನ ನಂಬರು ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930 ಎರಡನ್ನೂ ಎಲ್ಲರ ಫೋನಿನಲ್ಲಿ ಸೇವ್ ಮಾಡಿ. ಹಣ ಹೋದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.