ಮಗುವಿನ ಶ್ರುತಿ, ಶಾಲೆಯ ಶ್ರೇಣಿ

ಮೈಸೂರಿನಲ್ಲಿ ಹಾಡು ಕಲಿಯುವ ಶಾಲಾ ಮಗುವನ್ನು ಅಳೆಯುವವರು ಹಲವರಿದ್ದಾರೆ. ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆಗಳ ಪರೀಕ್ಷಕರು ಪಠ್ಯಕ್ರಮ ಹಿಡಿದು ಕೇಳುತ್ತಾರೆ. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯ ತೀರ್ಪುಗಾರರು ಆ ಹೊತ್ತಿನ ಹಾಡನ್ನಷ್ಟೇ ಕೇಳಿ ಬಹುಮಾನ ಕೊಡುತ್ತಾರೆ. ಜೂನ್‌ನಿಂದ ಮಾರ್ಚ್‌ವರೆಗೆ ಅದೇ ಮಗುವಿನ ದನಿ ಕೇಳುತ್ತ ಬಂದವರು ಶಾಲೆಯ ಸಂಗೀತ ಶಿಕ್ಷಕರು ಮಾತ್ರ. ಅವರಿಗೆ ಗೊತ್ತಿರುವುದೆಲ್ಲ ಕೊನೆಗೆ ಅಂಕಪಟ್ಟಿಯಲ್ಲಿ ಸಹಪಠ್ಯ ಚಟುವಟಿಕೆಗಳಿಗಿರುವ ‘ಭಾಗ-ಬಿ’ಯಲ್ಲಿ ಶ್ರೇಣಿಯ ಒಂದು ಅಕ್ಷರವಾಗಿ ಕೂರುತ್ತದೆ.

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಆದರೆ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಸಂಗೀತಕ್ಕೆಂದೇ ಶಿಕ್ಷಕರಿಲ್ಲ. ಅಲ್ಲಿ ಆ ಅಕ್ಷರ ತುಂಬುವವರು ತರಗತಿ ಶಿಕ್ಷಕರು. ಶಿಕ್ಷಕರಿರುವ ಕಡೆಯೂ ತೊಡಕು ತಪ್ಪಿದ್ದಲ್ಲ. ಮನೆಯಲ್ಲಿ ಅಜ್ಜಿ ದೇವರನಾಮ ಹಾಡುವುದನ್ನು ಕೇಳಿ ಬೆಳೆದ ಹುಡುಗಿ ಮಾಯಾಮಾಳವಗೌಳದ ಸರಳೆ ವರಸೆಯನ್ನು ಮೊದಲ ವಾರವೇ ಸಲೀಸಾಗಿ ಒಪ್ಪಿಸುತ್ತಾಳೆ. ಶ್ರುತಿಪೆಟ್ಟಿಗೆಯ ನಾದವನ್ನು ಶಾಲೆಯಲ್ಲೇ ಮೊದಲು ಕೇಳಿದ ಹುಡುಗನಿಗೆ ಷಡ್ಜ ಹಿಡಿಯುವ ಹೊತ್ತಿಗೆ ದಸರಾ ರಜೆ ಬಂದಿರುತ್ತದೆ. ಆಮೇಲೆ ಎರಡನೇ ಕಾಲದಲ್ಲಿ ಕೈ ತಾಳ ಓಡುವುದನ್ನೂ ಅವನು ತಿದ್ದಿಕೊಳ್ಳುತ್ತಾನೆ. ಅವಳಿಗೆ ಎ, ಇವನಿಗೆ ಬಿ ಎಂದರೆ ನಾವು ಅಳೆದದ್ದು ಮನೆಯನ್ನು, ಪಾಠವನ್ನಲ್ಲ.

ಇನ್ನೊಂದು ಅನ್ಯಾಯ ಎಂಟು, ಒಂಬತ್ತನೇ ತರಗತಿಯ ಹುಡುಗರದು. ಗಂಟಲು ಒಡೆಯುವ ವಯಸ್ಸು. ಐದು ಮನೆಯ ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದವನ ದನಿ ಕೆಲವೇ ತಿಂಗಳಲ್ಲಿ ಕೆಳಗಿಳಿಯುತ್ತದೆ, ತಾರಸ್ಥಾಯಿಯಲ್ಲಿ ಬಿರಿಯುತ್ತದೆ. ಹುಡುಗ ಹುಡುಗಿಯರಿಗೆಲ್ಲ ಒಂದೇ ಶ್ರುತಿಯಿಟ್ಟು ಹಾಡಿಸಿದಾಗ ಅವನು ಅಪಶ್ರುತಿಯವನಾಗುತ್ತಾನೆ. ಅವನ ಕಿವಿ ಸರಿಯಾಗಿಯೇ ಇರುತ್ತದೆ, ಶ್ರೇಣಿ ಇಳಿದಿರುತ್ತದೆ. ಎಷ್ಟೋ ಹುಡುಗರು ಹಾಡು ಬಿಡುವುದು ಈ ಹಂತದಲ್ಲೇ, ‘ನನಗೆ ಬರೋದಿಲ್ಲ’ ಎಂಬ ನಂಬಿಕೆಯೊಂದಿಗೆ.

ಹೀಗೆ ಅಳೆಯದ ಪದ್ಧತಿಯೊಂದು ಹಿಂದೆ ಇತ್ತು. ಮೈಸೂರು ಅರಮನೆಯ ನೆರವಿನಿಂದ ತಿರುವೈಯಾರಿಗೆ ಹೋಗಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿತವರು ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು. ಆ ಗುರುಕುಲ ಪದ್ಧತಿಯಲ್ಲಿ ಅಂಕಗಳಿರಲಿಲ್ಲ. ಮುಂದಿನ ಪಾಠ ಸಿಕ್ಕಿತೆಂದರೆ ಅದೇ ಫಲಿತಾಂಶ. ನಲವತ್ತು ಮಕ್ಕಳ ತರಗತಿಯಲ್ಲಿ ಹಾಗೆ ಕಾಯಲು ಬಿಡುವಿಲ್ಲ, ನಿಜ. ಆದರೆ ಮಗುವನ್ನು ಅದರ ನಿನ್ನೆಯ ದನಿಯೊಂದಿಗೇ ಹೋಲಿಸುವ ಕ್ರಮವನ್ನಾದರೂ ಉಳಿಸಿಕೊಳ್ಳಬಹುದು.

ವಾರಕ್ಕೆ ಐವರಂತೆ ಒಬ್ಬೊಬ್ಬರನ್ನೇ ಹಾಡಿಸಿದರೆ ಎಂಟು ವಾರಕ್ಕೆ ಇಡೀ ತರಗತಿ ಮುಗಿಯುತ್ತದೆ. ವರ್ಷದ ಮೊದಲಿಗೊಮ್ಮೆ, ಕೊನೆಗೊಮ್ಮೆ ಒಂದೇ ವರಸೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಬದಲಾದದ್ದೇನು ಎಂದು ಎರಡು ಸಾಲು ಬರೆದರೆ ಸಾಕು. ತಂದೆತಾಯಿಗೆ ಅಕ್ಷರಕ್ಕಿಂತ ಆ ಸಾಲುಗಳೇ ಹೆಚ್ಚು ಹೇಳುತ್ತವೆ. ಶಿಕ್ಷಕರ ತರಬೇತಿಗೆಂದೇ ಇರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಎರಡೂ ಮೈಸೂರಿನಲ್ಲೇ ಇವೆ. ಶಾಲಾ ಶಿಕ್ಷಕರನ್ನು ಜೊತೆಗೆ ಕೂರಿಸಿಕೊಂಡು ಅವು ಇಂಥ ಮೌಲ್ಯಮಾಪನಕ್ಕೊಂದು ಕೈಪಿಡಿ ಸಿದ್ಧಪಡಿಸಲಿ. ಗಂಟಲು ಒಡೆದ ಹುಡುಗರನ್ನು ದನಿ ನೆಲೆಗೊಳ್ಳುವವರೆಗೆ ತಾಳ, ಲಯ, ಸ್ವರ ಗುರುತಿಸುವ ಶಕ್ತಿಯ ಮೇಲಷ್ಟೇ ಅಳೆಯಬೇಕೆಂಬ ಸೂಚನೆಯೂ ಅದರಲ್ಲಿರಲಿ.