ಹಳಹಳಿಕೆ ಸಾಕು, ಮೈದಾನಕ್ಕೆ ನಡೆಯಿರಿ

“ಆಗಿನ ರಣಜಿ ಎಲ್ಲಿ, ಈಗಿನದೆಲ್ಲಿ!” ಜನಕಪುರಿಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಈ ಮಾತು ಬಂದೇ ಬರುತ್ತದೆ. ನಾನೂ ಆಡಿದ್ದೇನೆ. 1998–99ರಲ್ಲಿ ವಿಜಯ್ ಭಾರದ್ವಾಜ್ ಒಂದೇ ಋತುವಿನಲ್ಲಿ 1463 ರನ್ ಹೊಡೆದಾಗ ನಾನು ಮೈಸೂರಿನಲ್ಲಿ ಪ್ರೈಮರಿ ಸ್ಕೂಲಿನ ಹುಡುಗ. ಪೇಪರಿನ ಸ್ಕೋರ್ ಪಟ್ಟಿ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಕ್ಲಾಸಿಗೆ ಚಕ್ಕರ್ ಹೊಡೆದು ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಕೂತಿದ್ದೆ. ಮನೀಶ್ ಪಾಂಡೆ 144 ಹೊಡೆದರೂ ಮುಂಬೈ ಎದುರು ಫೈನಲ್ ಸೋತೆವು, ಬರೀ 6 ರನ್ನಿಂದ. ಆ ಸಂಕಟ ಇನ್ನೂ ಇದೆ.

ಆದರೆ ಆಮೇಲೆ ಎಷ್ಟು ರಣಜಿ ಪಂದ್ಯಕ್ಕೆ ಹೋದೆ? ಒಂದಕ್ಕೂ ಇಲ್ಲ. ಜನಕಪುರಿ ವೆಸ್ಟ್‌ನಲ್ಲಿ ಮೆಟ್ರೊ ಹತ್ತಿ ಮಂಡಿ ಹೌಸ್‌ನಲ್ಲಿ ಬದಲಿಸಿದರೆ ದೆಹಲಿ ಗೇಟ್. ಕೋಟ್ಲಾ ಅಲ್ಲೇ, ಫುಟ್‌ಬಾಲಿನ ಅಂಬೇಡ್ಕರ್ ಸ್ಟೇಡಿಯಂ ಅದರ ಪಕ್ಕದಲ್ಲೇ. 2025ರ ಜನವರಿಯಲ್ಲಿ ಕೊಹ್ಲಿ ರಣಜಿ ಆಡಿದಾಗ ಕೋಟ್ಲಾ ಮುಂದೆ ನೂಕುನುಗ್ಗಲು. ಅವರು 6 ರನ್ನಿಗೆ ಔಟಾದದ್ದೇ ತಡ, ಜನ ಎದ್ದು ಹೊರಟರು.

ಐಪಿಎಲ್ ಎಲ್ಲವನ್ನೂ ನುಂಗಿತು ಅನ್ನುತ್ತೇವೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆಸ್ಟಿನ್ ಟೌನಿನ ಫುಟ್‌ಬಾಲ್ ನೆನೆದು ನಿಟ್ಟುಸಿರಿಡುವ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅಂದು ಒಂದು ಮೆಸೇಜೂ ಬರಲಿಲ್ಲ. ಅದಕ್ಕೂ ಐಪಿಎಲ್ ಕಾರಣವೇ?

ಆಟಕ್ಕೆ ಬೇಕಾದದ್ದು ವರ್ತಮಾನಕಾಲದ ಕ್ರಿಯಾಪದ. “ನೋಡುತ್ತಿದ್ದೆ” ಎನ್ನುವವರು ಬೇಕಾದಷ್ಟಿದ್ದಾರೆ, “ನೋಡುತ್ತೇನೆ” ಎನ್ನುವವರು ಕಡಿಮೆ. ಮುಂದಿನ ಸಲ ಕರ್ನಾಟಕ ದೆಹಲಿಗೆ ಬಂದಾಗ ನನ್ನ ಅನುವಾದದ ಗಡುವು ಒಂದು ದಿನ ಕಾಯಲಿ. ನಿಮ್ಮೂರಿನ ಮೈದಾನಕ್ಕೆ ನೀವು ಹೋಗಿ.