ಸಂಗ್ರಹಾಲಯದಲ್ಲಿ ಮಕ್ಕಳ ಸೊಲ್ಲು

ಕಿತ್ತೂರಿನ ಸಮರಕ್ಕೆ 2024ನೆಯ ಅಕ್ಟೋಬರ 23ರಂದು ಇನ್ನೂರು ವರ್ಷಗಳು ತುಂಬಿದವು. ಈ ಸೀಮೆಯ ಮಕ್ಕಳು ಕೋಟೆಯ ಆವರಣದಲ್ಲಿರುವ ವಸ್ತುಸಂಗ್ರಹಾಲಯವನ್ನು ಸಾಲುಗಟ್ಟಿ ಹೊಕ್ಕು, ಖಡ್ಗಗಳನ್ನೂ ಶಿಲ್ಪಗಳನ್ನೂ ನೋಡಿ ಹೊರಬೀಳುತ್ತಾರೆ. ಕಂಡುದರ ವಿಷಯವಾಗಿ ಅವರ ಮನಸ್ಸು ಏನೆಂದಿತೆಂಬುದನ್ನು ಕೇಳಿ ಕಾದಿಡುವ ಏರ್ಪಾಡು ಮಾತ್ರ ನಮ್ಮ ಸಂಗ್ರಹಾಲಯಗಳಲ್ಲಿ ಇನ್ನೂ ರೂಢವಾಗಿಲ್ಲ. ಇದು ಸಣ್ಣ ಕೊರತೆಯಲ್ಲವೆಂದು ನಮ್ಮ ಅಭಿಪ್ರಾಯ.

ಯಾವುದನ್ನು ಉಳಿಸಬೇಕೆಂಬುದನ್ನು ನಿರ್ಣಯಿಸುವವನೇ ಇತಿಹಾಸಕ್ಕೆ ಬಾಯಿಯಾಗುತ್ತಾನೆ. ಆ ಸಮರದಲ್ಲಿ ಕಲೆಕ್ಟರ ಥ್ಯಾಕರೆ ಮಡಿದನು. ಅವನ ಸಹಾಯಕರಾದ ಸ್ಟೀವನ್ಸನ್, ಎಲಿಯಟ್‌ರು ಸೆರೆಸಿಕ್ಕರು. ಇದೇ ವಾಲ್ಟರ ಎಲಿಯಟ್ಟನು ಮುಂದೆ ಕನ್ನಡನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಕೂಡಿಸಿದನು. 1845ರಲ್ಲಿ ಅಮರಾವತಿಯ ಸ್ತೂಪವನ್ನು ಅಗೆಯಿಸಿದನು. ಆ ಶಿಲೆಗಳಲ್ಲಿ ಅನೇಕವು 1859ರಲ್ಲಿ ಲಂಡನ್ನಿಗೆ ಸಾಗಿದವು. ಕಿತ್ತೂರಿನ ಸೆರೆಯಾಳು ಹೀಗೆ ಸಂಗ್ರಾಹಕನಾದನು. ಆದರೆ ಯಾರ ದತ್ತಕವನ್ನು ಕುಂಪಣಿಯವರು ಒಪ್ಪದಿದ್ದುದರಿಂದ ಯುದ್ಧವು ಹೊತ್ತಿತೋ, ಆ ಶಿವಲಿಂಗಪ್ಪನ ಮನದ ಮಾತನ್ನು ಕೇಳಿದವರಾರು?

ಮಕ್ಕಳಿಗೆ ಹೇಳಲು ಬರುವುದಿಲ್ಲವೆಂಬ ಆಕ್ಷೇಪವು ಸಲ್ಲದು. ಅವರು ಹೇಳುವ ಭಾಷೆ ಬೇರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣಿನ ಎತ್ತುಗಳು ಸಿದ್ಧವಾಗುತ್ತವೆ. ಆಷಾಢದ ಮಂಗಳವಾರಗಳಂದು ಹುಡುಗಿಯರು ಗುಳ್ಳವ್ವನನ್ನು ಮಾಡಿ ಹಾಡುತ್ತಾರೆ. ದೊಡವಾಡದ ಒಕ್ಕಲಿಗನ ಮಗನು ತಿದ್ದಿದ ಎತ್ತಿನ ಇಣಿಯಲ್ಲಿ ಅವನ ಮನೆಯ ಬದುಕೇ ಇದೆ. ಮಣ್ಣು ಕರಗುವುದು ಹಬ್ಬದ ಧರ್ಮ. ಅದನ್ನು ಮಾಡಿದ ಕೈಯ ಮಾತೂ ಕರಗಬೇಕಾಗಿಲ್ಲ.

1989ರಲ್ಲಿ ಸಂಯುಕ್ತ ರಾಷ್ಟ್ರಸಂಘವು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರಲ್ಲಿ ಸೇರಿತು. ಅದರ 12ನೆಯ ಕಲಮು ಮಗುವಿನ ಅಭಿಪ್ರಾಯಕ್ಕೆ ಮನ್ನಣೆಯನ್ನು ವಿಧಿಸುತ್ತದೆ. 13ನೆಯದು ಕಲೆಯ ಮೂಲಕ ಹೇಳುವ ಸ್ವಾತಂತ್ರ್ಯವನ್ನೂ ಕೊಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಯಹೂದ್ಯರನ್ನು ಕೂಡಿಹಾಕಿದ್ದ ತೆರೆಜಿನ್ನಿನಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಚಿತ್ರಕಾರ್ತಿಯು ಬಂದಿ ಮಕ್ಕಳಿಗೆ ಚಿತ್ರ ಕಲಿಸಿ, ಚಿತ್ರಗಳ ಮೇಲೆ ಅವರವರ ಹೆಸರನ್ನು ಬರೆಯಿಸಿದಳು. 1944ರಲ್ಲಿ ಆಕೆಯು ಆಶ್ವಿಟ್ಜಿನಲ್ಲಿ ಹತಳಾದಳು. ಆ ಮಕ್ಕಳಲ್ಲಿ ಬಹುಜನರು ಬದುಕಲಿಲ್ಲ. ಸುಮಾರು 4,500 ಚಿತ್ರಗಳು ಪ್ರಾಗಿನ ಯಹೂದ್ಯ ಸಂಗ್ರಹಾಲಯದಲ್ಲಿ ಉಳಿದಿವೆ. ಅವನ್ನು ಮಕ್ಕಳಾಟವೆಂದು ಬಿಸುಡಿದ್ದರೆ ಲೋಕವು ಎಂತಹ ಸಾಕ್ಷ್ಯವನ್ನು ಕಳೆದುಕೊಳ್ಳುತ್ತಿತ್ತು!

ಇಲ್ಲಿ ಮಾಡಬೇಕಾದುದು ದುಬಾರಿಯ ಕೆಲಸವಲ್ಲ. ಪುರಾತತ್ವ ಖಾತೆಯೂ ಶಿಕ್ಷಣ ಖಾತೆಯೂ ಕೂಡಿ, ಕಿತ್ತೂರಿನಲ್ಲಿ ಒಂದು ಕೋಣೆಯನ್ನು ಮೀಸಲಿಡಲಿ. ಕಾಗದ, ಇದ್ದಿಲು, ಜೇಡಿಮಣ್ಣು ಇಷ್ಟಿದ್ದರೆ ಸಾಕು. ಮಗುವು ಒಂದು ವಸ್ತುವಿನ ಎದುರು ಬೇಕಾದಷ್ಟು ಹೊತ್ತು ಕೂತು ತನ್ನ ಕಣ್ಣಿಗೆ ತೋರಿದಂತೆ ರಚಿಸಲಿ. ಕ್ಯಾಲೆಂಡರಿನ ಚೆನ್ನಮ್ಮನನ್ನು ನಕಲುಮಾಡಿಸುವುದಾಗಲಿ, ಮಾಸ್ತರರು ಮೇಲೆ ಗೆರೆ ತಿದ್ದುವುದಾಗಲಿ, ಬಹುಮಾನದ ಆಸೆ ತೋರಿಸುವುದಾಗಲಿ ಕೂಡದು. ಅದು ಆಡಿದ ಮಾತನ್ನು ಈ ಸೀಮೆಯ ಆಡುನುಡಿಯಲ್ಲಿಯೇ ಬರೆದು, ಮಗುವಿನ ಹಾಗೂ ತಾಯ್ತಂದೆಯರ ಒಪ್ಪಿಗೆ ಪಡೆದು, ತಾರೀಖು ನಮೂದಿಸಿ, ಮೂಲವಸ್ತುವಿನ ಮಗ್ಗುಲಲ್ಲಿ ಇಡತಕ್ಕದ್ದು. ಮಂತ್ರಿಗಳು ಬಂದ ದಿನ ತೂಗಹಾಕಿ ಮರುದಿನ ಕಟ್ಟಿಡುವುದಾದರೆ ಈ ಉದ್ಯೋಗವೇ ಬೇಡ.

ಮಕ್ಕಳ ಕಲ್ಪನೆಯಿಂದ ಇತಿಹಾಸವು ಕೆಡುವುದೆಂದು ಪಂಡಿತರು ಶಂಕಿಸಬಹುದು. ಮಗುವಿನ ಚಿತ್ರವು 1824ಕ್ಕೆ ಪ್ರಮಾಣವೆಂದು ನಾವು ಹೇಳುವುದಿಲ್ಲ. ಅದು ಇಂದಿನ ಮನಸ್ಸಿಗೆ ಪ್ರಮಾಣ. ಶಾಸನವು ಶಾಸನದ ಸ್ಥಾನದಲ್ಲಿಯೇ ಇರಲಿ. ಆ ಖಡ್ಗವನ್ನು ಕಂಡು ಸಂಗೊಳ್ಳಿಯ ಹುಡುಗಿಯೊಬ್ಬಳು ಹೆಮ್ಮೆಪಟ್ಟಳೋ ಹೆದರಿದಳೋ ಎಂಬುದನ್ನು ಮುಂದಿನ ಶತಮಾನದವರು ತಿಳಿಯಬಯಸಿದರೆ, ಅವರಿಗೆ ತೋರಿಸಲು ನಮ್ಮಲ್ಲಿ ಏನಾದರೂ ಇರಬೇಕಷ್ಟೆ. ಮುಂದಿನ ಉತ್ಸವಕ್ಕೆ ಮುನ್ನವೇ ಅಧಿಕಾರಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ಆಶಿಸುತ್ತೇವೆ.